ದೊಡ್ಡಮ್ಮನ ಫೋನು, ಅಮ್ಮನ ಟೆಂಪ್ಲೇಟು

ತಿಪಟೂರಿನಿಂದ ದೊಡ್ಡಮ್ಮನ ಫೋನು ಬಂದರೆ ನಮ್ಮ ಮನೆಯ ಒಲೆ ಸಣ್ಣ ಉರಿಗೆ ಇಳಿಯುತ್ತದೆ. ಸುದ್ದಿ ಇರುವುದು ಒಂದೇ ಸಾಲು: ಮೊಮ್ಮಗಳನ್ನು ನೋಡಲು ಭಾನುವಾರ ಗಂಡಿನ ಕಡೆಯವರು ಬರುತ್ತಾರೆ. ಆದರೆ ಅದು ಕೊಬ್ಬರಿ ಧಾರಣೆಯಿಂದ ಹೊರಟು, ಬೋರ್‌ವೆಲ್ ಮೋಟಾರು ಸುಟ್ಟುಹೋದದ್ದರ ಮೇಲೆ ಹಾದು, ಗಂಡಿನ ಸೋದರಮಾವ ಯಾರ ಷಡ್ಡಕ ಎಂಬಲ್ಲಿ ಸ್ವಲ್ಪ ತಂಗಿ, ಮುಕ್ಕಾಲು ಗಂಟೆಯ ಮೇಲೆ ಬಾಗಿಲು ಮುಟ್ಟುತ್ತದೆ. ಅಷ್ಟಕ್ಕೂ ಹೂಂಗುಟ್ಟಿ ಫೋನಿಟ್ಟ ಅಮ್ಮ ಅಪ್ಪನಿಗೆ ಹೇಳುವುದು, "ಭಾನುವಾರ ತಿಪಟೂರಿಗೆ ಹೋಗ್ಬೇಕು, ಬಸ್ಸು ನೋಡಿ." ಅಜ್ಜಿಗೆ, "ಜಾತಕ ಕೂಡಿದೆಯಂತೆ." ಪಕ್ಕದ ಮನೆಗೆ, "ಒಂದಿನ ನಮ್ಮ ಹಾಲು ತಗೊಂಡಿಡ್ತೀರಾ?" ಸುದ್ದಿ ಒಂದೇ, ಕೇಳುವವರ ಕಿವಿಯ ಅಳತೆಗೆ ಹೊಲಿದುಕೊಡುತ್ತಾಳೆ.

ಇದನ್ನೇ ಮಾಡುವುದಕ್ಕೆ ನನಗೆ ಬೆಂಗಳೂರಿನ ಒಂದು ಆಫೀಸಿನಲ್ಲಿ ಸಂಬಳ ಕೊಡುತ್ತಾರೆ.

ಅಮೆಜಾನ್ ಕ್ಲೌಡಿನಲ್ಲಿ ಈವೆಂಟ್‌ಬ್ರಿಡ್ಜ್ ಎಂಬುದೊಂದಿದೆ. 2019ಕ್ಕೆ ಮುಂಚೆ ಅದು ಕ್ಲೌಡ್‌ವಾಚ್ ಈವೆಂಟ್ಸ್; ಮದುವೆಯಾಗಿ ಹೆಸರು ಬದಲಾದಂತೆ ಬದಲಾಯಿತು. ಸರ್ವರ್ ಎದ್ದರೂ ಮಲಗಿದರೂ ಅದಕ್ಕೆ ಸುದ್ದಿ ಹೋಗುತ್ತದೆ, ಹೋಗುವ ರೀತಿಯೋ ಥೇಟ್ ದೊಡ್ಡಮ್ಮನದು. ಆವೃತ್ತಿ ಯಾವುದು, ಗುರುತಿನ ಸಂಖ್ಯೆ ಏನು, ಯಾವ ಬಗೆಯ ಘಟನೆ, ಎಲ್ಲಿಂದ ಹೊರಟಿತು, ಯಾವ ಅಕೌಂಟು, ಎಷ್ಟು ಹೊತ್ತಿಗೆ, ಯಾವ ಪ್ರದೇಶ — ಇಷ್ಟು ಪ್ರವರ ಮುಗಿದ ಮೇಲೆ 'ಡೀಟೇಲ್' ಎಂಬ ಒಳಕೋಣೆಯಲ್ಲಿ ಎರಡೇ ಮಾತು: ಯಾವ ಸರ್ವರ್, ಏನಾಯಿತು. ರಾತ್ರಿ ಎರಡು ಗಂಟೆಗೆ ಫೋನು ಕಿರುಚಿ ಎದ್ದವನಿಗೆ ಪ್ರವರ ಬೇಡ.

ಅಲ್ಲಿ ಅಮ್ಮನ ಕೆಲಸ ಮಾಡುವ ಸಾಧನದ ಹೆಸರು ಇನ್‌ಪುಟ್ ಟ್ರಾನ್ಸ್‌ಫಾರ್ಮರ್. ("ಅದು ಸುಟ್ಟರೆ ಕರೆಂಟು ಹೋಗುತ್ತಾ?" ಎಂದು ಅಪ್ಪ ಕೇಳಿದ್ದರು.) ಮೊದಲು ಯಾವ ಮಾತು ಯಾವ ಕೋಣೆಯಲ್ಲಿದೆ ಎಂದು ದಾರಿ ಬರೆದು, ಅದಕ್ಕೊಂದು ಅಡ್ಡಹೆಸರು ಇಡಬೇಕು. ಆಮೇಲೆ ಒಂದು ಟೆಂಪ್ಲೇಟು: ಲಗ್ನಪತ್ರಿಕೆ ಅಚ್ಚುಹಾಕುವವರು ಚಿ|| ಎಂದು ಬರೆದು ಮುಂದೆ ಜಾಗ ಬಿಟ್ಟಿರುತ್ತಾರಲ್ಲ, ಹಾಗೆ ಜಾಗ ಬಿಟ್ಟ ವಾಕ್ಯ. ಘಟನೆ ಬಂದಾಗ ಖಾಲಿ ಜಾಗದಲ್ಲಿ ಹೆಸರು ಕೂರುತ್ತದೆ. ಯಾವ ಸುದ್ದಿ ಎಲ್ಲಿಗೆ ಹೋಗಬೇಕೆಂದು ಬರೆದಿಡುವುದಕ್ಕೆ ಅಲ್ಲಿ ರೂಲು ಎನ್ನುತ್ತಾರೆ; ಒಂದು ರೂಲಿನಿಂದ ಹೆಚ್ಚೆಂದರೆ 5 ಕಡೆಗೆ ಸುದ್ದಿ ಕಳಿಸಬಹುದು, ಒಂದೊಂದಕ್ಕೂ ಬೇರೆ ಟೆಂಪ್ಲೇಟು. ಅಮ್ಮನಿಗೆ ಈ ಐದರ ಮಿತಿ ಇಲ್ಲ.

ದಾರಿ ಬರೆಯುವಾಗ ನಾನು ಎಡವಿದೆ. ಡಾಲರ್ ಚಿಹ್ನೆ, ಚುಕ್ಕಿ, ಡೀಟೇಲ್ ಎಂದಿರಬೇಕಾದಲ್ಲಿ 'ಡೀಟೇಲ್ಸ್' ಎಂದು ಬರೆದಿದ್ದೆ. ಕಂಡವರನ್ನೆಲ್ಲ ಬಹುವಚನದಲ್ಲಿ ಮಾತಾಡಿಸು ಎಂದು ಹೇಳಿಸಿಕೊಂಡು ಬೆಳೆದವನು. ಏಕವಚನದಲ್ಲಿ ಕರೆದರೆ ಮಾತ್ರ ಓಗೊಡುವವರೂ ಇರುತ್ತಾರೆಂದು ಯಾರೂ ಹೇಳಿರಲಿಲ್ಲ. ದಾರಿ ತಪ್ಪಿದರೆ ಈ ಟ್ರಾನ್ಸ್‌ಫಾರ್ಮರ್ ಗದರುವುದೂ ಇಲ್ಲ. ಸಿಗದ ಮಾತನ್ನು ಬಿಟ್ಟು ಉಳಿದದ್ದನ್ನು ಗಂಭೀರವಾಗಿ ಕಳಿಸಿಬಿಡುತ್ತದೆ. ಹಾಗಾಗಿ ಒಂದು ರಾತ್ರಿ ನಮ್ಮ ಟೀಮಿನ ಎಲ್ಲರ ಫೋನಿಗೂ ಹೋದ ಸಂದೇಶವನ್ನು ಕನ್ನಡದಲ್ಲಿ ಹೇಳುವುದಾದರೆ, "ಎಚ್ಚರಿಕೆ! ಎಂಬ ಸರ್ವರ್ ಈಗ ಸ್ಥಿತಿಗೆ ಹೋಗಿದೆ. ವೇಳೆ 20:47."

ಯಾರು, ಏನು ಎರಡೂ ಇಲ್ಲದ ಎಚ್ಚರಿಕೆಯನ್ನು ನಮ್ಮ ಮ್ಯಾನೇಜರು ಕ್ಷಮಿಸಿಯಾರು. ಅವರಿಗೆ ಉರಿದದ್ದು ವೇಳೆ. "ಎಂಟು ಮುಕ್ಕಾಲಿಗೆ ಆಗಿದ್ದನ್ನ ಎರಡೂಕಾಲಿಗೆ ಹೇಳ್ತಿದೀರಲ್ರೀ!" ಕ್ಲೌಡಿನ ಘಟನೆಗಳೆಲ್ಲ ಯುಟಿಸಿ ವೇಳೆಯಲ್ಲಿ ಬರುತ್ತವೆ, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ವೇಳೆ. ತಾತ ಇದ್ದಿದ್ದರೆ ಹದಿಮೂರು ಮುಕ್ಕಾಲು ಘಳಿಗೆ ಎಂದು ಬೆರಳೆಣಿಸಿ ಹೇಳುತ್ತಿದ್ದರು. ಸೂರ್ಯೋದಯದಿಂದ ಎಣಿಸಿದ ಪಂಚಾಂಗದ ಘಳಿಗೆಯನ್ನು ಗಡಿಯಾರಕ್ಕೆ ಇಳಿಸುತ್ತಲೇ ಅವರ ಆಯುಸ್ಸು ಕಳೆದಿತ್ತು. ಟ್ರಾನ್ಸ್‌ಫಾರ್ಮರ್‌ಗೆ ಆ ವಿದ್ಯೆ ಇಲ್ಲ. ಎತ್ತಿ ಇಡುವುದಷ್ಟೇ ಗೊತ್ತು, ಕೂಡಿಸಲು ಬಾರದು. ಕೂಡಿಸಬೇಕೆಂದರೆ ನಡುವೆ ಲ್ಯಾಂಬ್ಡಾ ಎಂಬ ಬೇರೆ ಕೆಲಸದವನನ್ನು ಕರೆದು, ಅವನಿಗೆ ಬೇರೆ ಕೂಲಿ ಕೊಡಬೇಕು.

ಒಂದು 'ಸ್' ಅಳಿಸಿ ಮಲಗುವಾಗ ನಾಲ್ಕು ಗಂಟೆ. ಬೆಳಿಗ್ಗೆ ಕಾಫಿಗೆ ಕೂತಾಗ ಅಮ್ಮ ಕೇಳಿದಳು, "ರಾತ್ರಿಯೆಲ್ಲ ಏನೋ ಅದು?" ನಿದ್ದೆಗಣ್ಣಲ್ಲಿ ನಾನೂ ಟೆಂಪ್ಲೇಟಿನಷ್ಟೇ ಮಾತಾಡಿದೆ: "ಆಫೀಸಿಂದು ಒಂದು ಹೋಯ್ತಮ್ಮ, ಎರಡೂಕಾಲಿಗೆ. ಹೆಸರೂ ಗೊತ್ತಾಗಲಿಲ್ಲ."

ಅಷ್ಟರಲ್ಲಿ ತಿಪಟೂರಿನ ಫೋನು. ಒಲೆ ಸಣ್ಣ ಉರಿಗೆ ಇಳಿಯಿತು. "ಅವನ ಆಫೀಸಲ್ಲಿ ಯಾರೋ ಹೋಗ್ಬಿಟ್ರಂತೆ ಅಕ್ಕಾ, ರಾತ್ರಿ ಎರಡೂಕಾಲಿಗೆ" ಎಂದು ಅಮ್ಮ ದನಿ ತಗ್ಗಿಸಿದಳು. ಆ ಕಡೆಯಿಂದ ಏನೋ ಪ್ರಶ್ನೆ. ಅಮ್ಮ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದಳು.

"ವಯಸ್ಸೆಷ್ಟಂತೆ?"

ಸರ್ವರ್ ಶುರುಮಾಡಿದ ದಿನ ನನಗೆ ನೆನಪಿತ್ತು. "ಹತ್ತು ದಿನ," ಎಂದೆ.

ಅಮ್ಮನ ಕೈಸಂದಿಯಿಂದಲೇ ದೊಡ್ಡಮ್ಮನ ದನಿ ಅಡುಗೆಮನೆಯೆಲ್ಲ ಕೇಳಿಸಿತು: "ಅಯ್ಯೋ, ಇನ್ನೂ ನಾಮಕರಣಾನೂ ಆಗಿರ್ಲಿಲ್ವಲ್ಲೇ!"