ಸ್ಟ್ಯಾಂಡಿಲ್ಲದ ಸೈಕಲ್ಲು

ಸೈಕಲ್ಲಿನ ಲೋಕದಲ್ಲಿ ಒಂದು ವಿಚಿತ್ರ ಅರ್ಥಶಾಸ್ತ್ರ ನಡೆಯುತ್ತದೆ. ದುಡ್ಡು ಹೆಚ್ಚು ಕೊಟ್ಟಷ್ಟೂ ಸಾಮಾನು ಕಡಿಮೆ ಸಿಗುತ್ತದೆ. ನಮ್ಮಪ್ಪನ ಕಾಲದಲ್ಲಿ ಕಪ್ಪು ಸೈಕಲ್ಲು ಕೊಂಡವನಿಗೆ ಸ್ಟ್ಯಾಂಡು, ಕ್ಯಾರಿಯರು, ಮಡ್ಗಾರ್ಡು, ಚೈನ್ ಕವರು, ಬೆಲ್ಲು, ಬೀಗ, ಸೀಟಿನಡಿ ಎರಡು ದಪ್ಪ ಸ್ಪ್ರಿಂಗು ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಈಗಿನ ರೋಡ್ ಬೈಕ್ ಎಂಬ ಬಾಗುಹಿಡಿಯ ಸೈಕಲ್ಲಿನಲ್ಲಿ ಇವು ಯಾವುವೂ ಇಲ್ಲ. ಇನ್ನೂ ಮೇಲ್ದರ್ಜೆಯದಕ್ಕೆ ಹೋದರೆ ಪೆಡಲ್ಲೂ ಇರುವುದಿಲ್ಲ. ನಿಮ್ಮ ಬೂಟಿಗೆ ತಕ್ಕ ಪೆಡಲ್ಲನ್ನು ನೀವೇ ಬೇರೆ ಕೊಳ್ಳಬೇಕು. ಸೈಕಲ್ಲಿಗೆ ಪೆಡಲ್ಲು ಐಚ್ಛಿಕ ವಿಷಯ ಎಂಬುದು ನನಗೆ ತಿಳಿದದ್ದು ಐವತ್ತರ ಹತ್ತಿರ ಬಂದ ಮೇಲೆ.

ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಹೊಸ ಸೈಕಲ್ಲನ್ನು ತುಳಸಿಕಟ್ಟೆಗೆ ಒರಗಿಸಿದ್ದನ್ನು ನೋಡಿ, "ಅಷ್ಟು ದುಡ್ಡು ಇಸ್ಕೊಂಡು ಒಂದು ಸ್ಟ್ಯಾಂಡ್ ಹಾಕ್ಕೊಡೋಕೆ ಆಗ್ಲಿಲ್ವೇನೋ ಅವ್ರಿಗೆ?" ಎಂದರು. ಈ ಸಾಹಸಕ್ಕೆ ನನ್ನನ್ನು ಎಳೆದು ತಂದಿದ್ದ ನನ್ನ ಅಕ್ಕನ ಮಗ, "ಸ್ಟ್ಯಾಂಡ್ ಹಾಕಿದ್ರೆ ತೂಕ ಜಾಸ್ತಿ ಆಗುತ್ತೆ ಅಜ್ಜಿ" ಎಂದು ವಿವರಿಸಿದ. ಅಮ್ಮ ಒಮ್ಮೆ ಸೈಕಲ್ಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಏನೂ ಹೇಳದೆ ಒಳಗೆ ಹೋದರು.

ತೂಕವೇ ಈ ಲೋಕದ ಮಡಿ ಮೈಲಿಗೆ. ಹಳೆಯ ಸೈಕಲ್ಲು 20 ಕಿಲೋ ಆಸುಪಾಸು ತೂಗುತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟಿನ ಸಾಧಾರಣ ರೋಡ್ ಬೈಕು 10 ಕಿಲೋ ತೂಗಬಹುದು. ಕಾರ್ಬನ್ನಿನದಾದರೆ ಎಂಟಕ್ಕೆ, ಏಳಕ್ಕೆ ಇಳಿಯುತ್ತದೆ. ತೂಕ ಇಳಿದಂತೆ ಬೆಲೆ ಅರ್ಧ ಲಕ್ಷದ ಆಚೀಚೆಯಿಂದ ಏರುತ್ತ ಏರುತ್ತ ಹತ್ತು ಲಕ್ಷವನ್ನೂ ದಾಟುತ್ತದೆ. ಈ ಕಳೆಯುವ ಹುಚ್ಚಿಗೆ ಎಲ್ಲಾದರೂ ಒಂದು ಗೆರೆ ಬೇಕಲ್ಲ? ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2000ನೇ ಇಸವಿಯಲ್ಲಿ ಆ ಗೆರೆ ಎಳೆಯಿತು. 6.8 ಕಿಲೋಗಿಂತ ಹಗುರವಾದ ಸೈಕಲ್ಲನ್ನು ಪಂದ್ಯಕ್ಕೆ ತರುವಂತಿಲ್ಲ. ಆಮೇಲಾಮೇಲೆ ಸೈಕಲ್ಲುಗಳು ಎಷ್ಟು ಹಗುರಾದವೆಂದರೆ, ಆ ಗೆರೆ ಮುಟ್ಟಿಸಲು ಕೆಲವು ತಂಡದವರು ಬೇಕೆಂದೇ ಭಾರ ಸೇರಿಸಬೇಕಾಯಿತು. ಒಂದು ಸ್ಟ್ಯಾಂಡ್ ಹಾಕಿಸಬಹುದಿತ್ತು. ಯಾರೂ ಹಾಕಿಸಲಿಲ್ಲ.

ಕೊಳ್ಳುವಾಗ ನೋಡಬೇಕಾದ ಮೊದಲ ವಿಷಯ ಬಣ್ಣವೂ ಅಲ್ಲ, ಕಂಪನಿಯೂ ಅಲ್ಲ, ಅಳತೆ. ನಾವು ಹುಡುಗರಾಗಿದ್ದಾಗ ಇಪ್ಪತ್ತೆರಡು ಇಂಚು, ಇಪ್ಪತ್ತನಾಲ್ಕು ಇಂಚು ಎಂದು ಎರಡೇ ಅಳತೆ. ಎರಡೂ ದೊಡ್ಡವರವೇ. ಕಾಲು ಎಟುಕದಿದ್ದರೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವುದು. ಸೈಕಲ್ಲಿಗೆ ತಕ್ಕಂತೆ ನಾವು ಬಾಗುತ್ತಿದ್ದೆವು. ಈಗಿನ ಅಂಗಡಿಯಲ್ಲಿ ಹುಡುಗನೊಬ್ಬ ಟೇಪು ಹಿಡಿದು ಬಂದು, ಹಬ್ಬದ ಮುಂಚಿನ ದರ್ಜಿಯ ಗಾಂಭೀರ್ಯದಲ್ಲಿ ತೊಡೆಸಂದಿನಿಂದ ಅಂಗಾಲಿನವರೆಗೆ ಅಳೆದು "ಐವತ್ನಾಲ್ಕು ಸಾರ್" ಎನ್ನುತ್ತಾನೆ. ಅದು ಚೌಕಟ್ಟಿನ ಸೆಂಟಿಮೀಟರು. ಸೀಟಿನ ಎತ್ತರಕ್ಕೆ ದೊಡ್ಡ ದೊಡ್ಡ ಲೆಕ್ಕಗಳಿವೆ. ಶುರುವಿಗೆ ಇಷ್ಟು ಸಾಕು: ಸೀಟಿನ ಮೇಲೆ ಕೂತು, ಪೆಡಲ್ಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೆಟ್ಟಗಾಗಬೇಕು. ತುಳಿಯುವುದು ಮುಂಗಾಲಿನಿಂದ ತಾನೆ, ಆಗ ಮಂಡಿಯಲ್ಲಿ ತಾನಾಗಿಯೇ ಒಂದಿಷ್ಟು ಬಾಗು ಉಳಿಯುತ್ತದೆ. ಅಳತೆ ಸರಿಯಿಲ್ಲದ ಹತ್ತು ಲಕ್ಷದ ಸೈಕಲ್ಲಿಗಿಂತ ಅಳತೆ ಕೂತ ಅರ್ಧ ಲಕ್ಷದ್ದು ವಾಸಿ. ಮಂಡಿ, ಸೊಂಟ, ಕುತ್ತಿಗೆ ಮೂರೂ ಇದಕ್ಕೆ ಸಾಕ್ಷಿ ಹೇಳುತ್ತವೆ.

ಆಮೇಲೆ ಗೇರು. ಅಂಗಡಿಯಲ್ಲಿ ಕ್ಲಾರಿಸ್, ಸೋರಾ, ಟಿಯಾಗ್ರಾ, ಅಲ್ಟೆಗ್ರಾ ಎಂಬ ಹೆಸರುಗಳನ್ನು ಕೇಳಿ ನನಗೆ ಯಾರದೋ ಮನೆಯ ಹೆಣ್ಣುಮಕ್ಕಳ ಪರಿಚಯ ಮಾಡಿಸುತ್ತಿದ್ದಾರೆ ಅನಿಸಿತು. ಎಲ್ಲವೂ ಜಪಾನಿನ ಶಿಮಾನೊ ಕಂಪನಿಯ ಗೇರಿನ ದರ್ಜೆಗಳು. ಹೆಸರು ಯಾವುದೇ ಇರಲಿ, ಹಲ್ಲು ಎಣಿಸಿ ನೋಡುವುದು ಕ್ಷೇಮ. ಮುಂದೆ 34 ಹಲ್ಲಿನ ಚಕ್ರ, ಹಿಂದೆಯೂ 34 ಹಲ್ಲಿನದು ಇದ್ದರೆ ಒಂದು ಸುತ್ತು ತುಳಿದಾಗ ಹಿಂಗಾಲಿ ಒಂದೇ ಸುತ್ತು ತಿರುಗಿ ಸೈಕಲ್ಲು ಸುಮಾರು 2.1 ಮೀಟರು ಮುಂದೆ ಹೋಗುತ್ತದೆ. ಮುಂದೆ 50, ಹಿಂದೆ 11 ಇದ್ದರೆ ಅದೇ ಒಂದು ಸುತ್ತಿಗೆ ಒಂಬತ್ತೂವರೆ ಮೀಟರು ದಾಟುತ್ತದೆ. ಹುಡುಗರು ಈ ಎರಡನೆಯದರ ಮೇಲೆ ಕಣ್ಣಿಡುತ್ತಾರೆ. ಮೈಸೂರಿನಲ್ಲಿ ವಾಸವಾಗಿದ್ದು ಚಾಮುಂಡಿ ಬೆಟ್ಟ ಹತ್ತುವ ಯೋಚನೆಯುಳ್ಳವರು ಮೊದಲನೆಯದನ್ನು ಬಿಡಬಾರದು. ಊರಿನಿಂದ 300 ಮೀಟರಿನಷ್ಟು ಎತ್ತರ ಏರಬೇಕು. ತಾಯಿ ಕರುಣಾಮಯಿ ನಿಜ, ಆದರೆ ತಿರುವುಗಳಲ್ಲಿ ಆ ಕರುಣೆ ಕಾಣುವುದಿಲ್ಲ.

ಗೇರು ಹಾಕುವುದು ಒಂದು ಕಾಲದಲ್ಲಿ ಅವಮಾನದ ಸಂಗತಿಯಾಗಿತ್ತಂತೆ. 1903ರಲ್ಲಿ ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್ ಎಂಬ ಮಹಾಶಯ ಗೇರೆಂದರೆ ಉರಿದು ಬೀಳುತ್ತಿದ್ದ. ಅದು ನಲವತ್ತೈದು ದಾಟಿದವರಿಗೆ ಮಾತ್ರ ಎಂಬ ಅರ್ಥದ ಮಾತೊಂದು ಅವನ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರಿಗೆ ಆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತಬೇಕಿತ್ತು. ಚಕ್ರದ ಒಂದೊಂದು ಪಕ್ಕದಲ್ಲಿ ಒಂದೊಂದು ಅಳತೆಯ ಹಲ್ಲು. ನನಗೆ ನಲವತ್ತೈದು ಎಂದೋ ದಾಟಿದೆ. ದೆಗ್ರಾಂಜನ ಅಪ್ಪಣೆ ಪಡೆದೇ ಗೇರು ಹಾಕುತ್ತೇನೆ. ಈಗಂತೂ ಬ್ಯಾಟರಿಯಿಂದ ಬದಲಾಗುವ ಗೇರು ಬಂದಿದೆ. ರಾತ್ರಿ ಮಲಗುವ ಮುಂಚೆ ಮೊಬೈಲಿನ ಜೊತೆ ಸೈಕಲ್ಲನ್ನೂ ಚಾರ್ಜಿಗೆ ಹಾಕುವವರನ್ನು ಕಂಡಿದ್ದೇನೆ.

ಟೈರಿನ ವಿಷಯದಲ್ಲಿ ಮಾತ್ರ ಕಾಲ ನಮ್ಮ ಕಡೆ ವಾಲಿದೆ. ಸಪೂರವಾದಷ್ಟೂ ವೇಗ ಎಂದು ನಂಬಿ 23 ಮಿಲಿಮೀಟರಿನ ಟೈರನ್ನು ಕಲ್ಲಾಗುವಷ್ಟು ಉಬ್ಬಿಸುತ್ತಿದ್ದ ಪಂದ್ಯದವರೇ ಈಗ 28ಕ್ಕೂ ಅದಕ್ಕಿಂತ ಅಗಲದ್ದಕ್ಕೂ ಬಂದಿದ್ದಾರೆ. ತರಿತರಿ ರಸ್ತೆಯಲ್ಲಿ ಗಾಳಿ ತುಸು ಕಡಿಮೆಯಿರುವ ಅಗಲ ಟೈರು ಕುಕ್ಕದೆ ಓಡುತ್ತದೆ, ಕುಕ್ಕದಿದ್ದರೆ ಶಕ್ತಿ ಪೋಲಾಗುವುದಿಲ್ಲ. ಬಣ್ಣ ಹಚ್ಚದ ಹಂಪುಗಳ ನಾಡಿನಲ್ಲಿ 28 ಅಥವಾ 32 ಹಾಕಿಕೊಂಡರೆ ಹಲ್ಲು ಬಾಯಲ್ಲೇ ಉಳಿಯುತ್ತವೆ.

ಗಾಳಿ ತುಂಬಿಸುವುದು ಬೇರೆಯೇ ಕಥೆ. ಈ ಟ್ಯೂಬಿನ ಬಾಯಿ ಪೆನ್ಸಿಲ್ಲಿಗಿಂತ ಸಣ್ಣದು, ತುದಿಯಲ್ಲಿ ರಾಗಿಕಾಳಿಗಿಂತ ತುಸು ದೊಡ್ಡದೊಂದು ನಟ್ಟು. ಅದನ್ನು ಬೆರಳಲ್ಲಿ ಸಡಿಲಿಸಿ, ಒಮ್ಮೆ ಒತ್ತಿ ಪುಸಕ್ಕೆನ್ನಿಸಿ, ಆಮೇಲೆ ಪಂಪು ಹಾಕಬೇಕು. ಇದಕ್ಕೆ ಪ್ರೆಸ್ಟಾ ವಾಲ್ವ್ ಎಂದು ಹೆಸರು. ನಮ್ಮ ಬೀದಿಕೊನೆಯ ಪಂಕ್ಚರ್ ಅಂಗಡಿಯ ಪೈಪು ಇದಕ್ಕೆ ಹಿಡಿಯುವುದಿಲ್ಲ. ಅಂಗಡಿಯವರು ಬಗ್ಗಿ ನೋಡಿ, "ಇದು ಬಿಪಿ ನೋಡೋ ಮಿಷನ್ದು ಇದ್ದಂಗಿದೆ, ಡಾಕ್ಟ್ರ ಹತ್ರ ಹೋಗಿ ಸಾರ್" ಎಂದರು. ಇದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಸಿಗುತ್ತದೆ. ಅದನ್ನು ತಿರುಗಿಸಿ ಕೂರಿಸಿಕೊಂಡರೆ ಯಾವ ಅಂಗಡಿಯ ಗಾಳಿಯೂ ನಡೆಯುತ್ತದೆ. ಇಡೀ ಸಲಕರಣೆಯಲ್ಲಿ ಕೊಟ್ಟ ಕಾಸಿಗೆ ಪೂರ್ತಿ ನ್ಯಾಯ ಸಿಗುವುದು ಇದೊಂದರಲ್ಲೇ. ಜೊತೆಗೊಂದು ಹೆಚ್ಚುವರಿ ಟ್ಯೂಬು, ಕೈಪಂಪು, ಹಿಂದೆ ಕೆಂಪು ದೀಪ ಇರಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ಹಾಕಿಕೊಳ್ಳಿ.

ಇನ್ನು ಚಡ್ಡಿ. ಸೈಕಲ್ಲಿನ ಸೀಟು ಕಿರಿದು, ಗಟ್ಟಿ. ಮೆತ್ತನೆಯ ಸೀಟು ಹಾಕಿಸಿಕೊಂಡವರು ಹತ್ತು ಕಿಲೋಮೀಟರು ಸುಖಪಟ್ಟು ಮೂವತ್ತರಲ್ಲಿ ಒದ್ದಾಡುತ್ತಾರೆ. ಮೂಳೆ ಒಳಗೆ ಹುದುಗಿ, ಒತ್ತಬಾರದ ಕಡೆ ಒತ್ತುತ್ತದೆ. ಆದ್ದರಿಂದ ಮೆತ್ತೆ ಇರಬೇಕಾದದ್ದು ಚಡ್ಡಿಯಲ್ಲಿ. ಅದರೊಳಗೆ ಬೇರೇನೂ ಹಾಕುವಂತಿಲ್ಲ ಎಂಬ ಮಾತನ್ನು ನನ್ನ ಸೋದರಳಿಯ ಹೇಳುವಾಗ ಇಬ್ಬರೂ ಗೋಡೆ ಕಡೆ ನೋಡುತ್ತಿದ್ದೆವು. ಮೈಗಂಟಿದ ಈ ಕಪ್ಪು ಬಟ್ಟೆಯಲ್ಲಿ ನಸುಕಿನಲ್ಲಿ ಹೊರಡುವುದೇನೋ ಸಲೀಸು. ಹಿಂದಿರುಗುವಾಗ ಬಿಸಿಲೇರಿ, ನಂದಿನಿ ಬೂತಿನ ಮುಂದೆ ಬೀದಿಯ ಹಿರಿಯರೆಲ್ಲ ನೆರೆದಿರುತ್ತಾರೆ. ಸೈಕಲ್ಲಿನ ಮೇಲಿರುವಾಗ ಮಾನವಿರುತ್ತದೆ, ಇಳಿದು ಹಾಲು ಕೊಳ್ಳಲು ಹೋದರೆ ಇರುವುದಿಲ್ಲ. ಹಾಲು ತರುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ವಹಿಸಿದ್ದೇನೆ.

ಬೂಟನ್ನು ಪೆಡಲ್ಲಿಗೆ ಸಿಕ್ಕಿಸಿಕೊಳ್ಳುವ ಕ್ಲೀಟ್ ಎಂಬುದನ್ನು ಮಾತ್ರ ಶುರುವಿನಲ್ಲೇ ಹಾಕಿಸಬೇಡಿ. ಹಿಮದ ಮೇಲೆ ಜಾರುವವರ ಬೂಟನ್ನು ಹಲಗೆಗೆ ಬಿಗಿಯುವ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ತಂದಿತು. ಮರುವರ್ಷವೇ ಬರ್ನಾರ್ಡ್ ಇನೋ ಅದನ್ನು ತೊಟ್ಟು ಟೂರ್ ಗೆದ್ದ. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಇನೋಗೆ ಟ್ರಾಫಿಕ್ ಸಿಗ್ನಲ್ ಇರಲಿಲ್ಲ. ನಮ್ಮ ಗುಂಪಿನ ಬ್ಯಾಂಕ್ ಅಧಿಕಾರಿಯೊಬ್ಬರು ಕೆಂಪುದೀಪಕ್ಕೆ ಬಹಳ ಶಿಸ್ತಿನಿಂದ ನಿಂತರು. ನಿಂತ ಮೇಲೆ ಹಿಮ್ಮಡಿಯ ನೆನಪಾಯಿತು. ಅಷ್ಟರಲ್ಲಿ ಸೈಕಲ್ಲು ಸಮೇತ ನಿಧಾನವಾಗಿ ಎಡಕ್ಕೆ ವಾಲಿ, ಆಟೋದವರೊಬ್ಬರ ಕಣ್ಣೆದುರಿಗೇ ಮಲಗಿದರು. ಆಟೋದವರು, "ಏಳಿ ಸಾರ್, ಇನ್ನೂ ಇಪ್ಪತ್ತು ಸೆಕೆಂಡ್ ಇದೆ" ಎಂದು ಸಮಾಧಾನ ಹೇಳಿದರಂತೆ.

ಇಷ್ಟೆಲ್ಲ ಸಲಕರಣೆ ಕಟ್ಟಿಕೊಳ್ಳುವಾಗ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ನೆನಪಾಗುತ್ತಾರೆ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಸಾದಾ ಸೈಕಲ್ಲು ತುಳಿದು ಪಳಗಿ, ಆಮೇಲೆ ಕ್ರೀಡಾ ಹಾಸ್ಟೆಲ್ಲು ಸೇರಿ, ರಾಷ್ಟ್ರಮಟ್ಟದಲ್ಲಿ ಪದಕ ಹೊಡೆದವರು ಆ ಸೀಮೆಯಲ್ಲಿ ಹಲವರು. ಅವರಲ್ಲಿ ಕಾಲು ಮೊದಲು, ಗಾಡಿ ಆಮೇಲೆ. ನಮ್ಮಲ್ಲಿ ತಿರುಗುಮುರುಗು. ಮೈಸೂರಿನವರಿಗೆ 2017ರಲ್ಲಿ ಬಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲೂ ಇತ್ತು, ಅದನ್ನೇ ನಾಲ್ಕು ದಿನ ತುಳಿದು ಆಮೇಲೆ ಅಂಗಡಿಗೆ ಹೋಗಿದ್ದರೆ ಬುದ್ಧಿವಂತಿಕೆಯಾಗುತ್ತಿತ್ತು. ಆದರೆ ಬುದ್ಧಿವಂತರು ಐವತ್ತರಲ್ಲಿ ಬೆಳಗಿನ ನಾಲ್ಕೂವರೆಗೆ ಏಳುವುದಿಲ್ಲ.

ಹೋಗುವುದೆಲ್ಲಿಗೆ? ಬೆಂಗಳೂರು ಮೈಸೂರು ದಶಪಥಕ್ಕೆ 2023ರ ಆಗಸ್ಟಿನಿಂದ ನಮ್ಮಂಥವರಿಗೆ ಪ್ರವೇಶವಿಲ್ಲ. ಅದು ಒಳ್ಳೆಯದೇ ಆಯಿತು. ಪಕ್ಕದ ಊರೊಳಗಿನ ರಸ್ತೆಗಳಲ್ಲಿ ನಾಲೆ ಇದೆ, ಗದ್ದೆ ಇದೆ, ಇಡ್ಲಿ ಇದೆ. ಚಳಿಗಾಲದಲ್ಲಿ ಮಾತ್ರ ಹುರುಳಿಯ ಗಂಡಾಂತರ. ರೈತರು ಹುರುಳಿಬಳ್ಳಿಯನ್ನು ರಸ್ತೆ ತುಂಬ ಹರಡಿರುತ್ತಾರೆ. ಬಸ್ಸು ಲಾರಿ ಹರಿದು ಕಾಳು ಬಿಡಿಸಲಿ ಎಂದು. ಕಾರಿಗೆ ಅದು ಲೆಕ್ಕವಲ್ಲ. ನಮ್ಮ ಸೈಕಲ್ಲಿನಲ್ಲಿ ಒಣಬಳ್ಳಿ ಹಿಂದಿನ ಡಿರೇಲರಿನ ಎರಡು ಪುಟ್ಟ ಚಕ್ರಗಳಿಗೆ ಸುತ್ತಿಕೊಂಡು, ಚೈನು ಬಿಗಿದು, ಅಲ್ಲೇ ಕೂರುತ್ತದೆ.

ಶ್ರೀರಂಗಪಟ್ಟಣದ ಆಚೆ ಒಂದು ಊರಿನಲ್ಲಿ ಹೀಗೇ ಕೂತಿತು. ನಾನೂ ನನ್ನ ಅಳಿಯನೂ ಬಗ್ಗಿ ನಾರು ಎಳೆಯುತ್ತಿದ್ದೆವು. ಹುರುಳಿಯ ಯಜಮಾನಿ, ವಯಸ್ಸಾದ ಹೆಂಗಸು, ಕುಡುಗೋಲು ಹಿಡಿದು ಬಂದು ಅದರ ತುದಿಯಲ್ಲಿ ಎರಡು ಸಲ ಮೀಟಿ ಎಲ್ಲ ಬಿಡಿಸಿದರು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದರು: "ಎಷ್ಟು ಬಿತ್ತಪ್ಪ ಇದುಕ್ಕೆ?"

ಇದಕ್ಕೆ ಸೈಕಲ್ಲಿನವರಲ್ಲಿ ಒಂದು ಸಂಪ್ರದಾಯವಿದೆ. ಮನೆಯಲ್ಲಿ ಅರ್ಧ ಹೇಳುವುದು, ದಾರಿಯಲ್ಲಿ ಒಂದು ಸೊನ್ನೆ ಕಳೆದು ಹೇಳುವುದು. "ಎಂಟು ಸಾವಿರ ಆಯ್ತಮ್ಮ" ಎಂದೆ.

"ಅಯ್ಯೋ! ಎಂಟು ಸಾವ್ರುಕ್ಕೆ ಒಂದು ಮೇಕೆ ಬರೋದಲ್ಲೋ, ಹಾಲಾದ್ರೂ ಕೊಡೋದು" ಎಂದು ಅವರು ಕನಿಕರದಿಂದ ನನ್ನ ಮುಖ ನೋಡಿದರು.

ಊರು ದಾಟುವವರೆಗೆ ಅಳಿಯ ಸುಮ್ಮನಿದ್ದ. ನಾಲೆ ಏರಿಯ ಮೇಲೆ ನನ್ನ ಪಕ್ಕಕ್ಕೆ ಬಂದು, "ಮಾವ, ಹಂಗಾದ್ರೆ ನಮ್ಮಿಬ್ಬರ ಕೆಳಗೂ ಸೇರಿ ಎಷ್ಟು ಮೇಕೆ ಆಯ್ತು?" ಎಂದು ಕೇಳಿದ. ಅವನದು ಕಾರ್ಬನ್ನಿನದು. ಲೆಕ್ಕ ಬೇಗ ಮುಗಿಯುವಂಥದ್ದಲ್ಲ ಎಂದು ಗೇರು ಇಳಿಸಿದೆ.