ಹೋಬಳಿಮಾನದಲ್ಲಿ ಲಿಕ್ಟೆನ್‌ಸ್ಟೈನ್: ಕಾರು ಸಂಚಾರದ ಒಂದು ಮೀಮಾಂಸೆ

ದೇಶದ ವಿಸ್ತಾರವನ್ನು ಚದರ ಕಿಲೋಮೀಟರುಗಳಲ್ಲಿ ಹೇಳುವ ಪದ್ಧತಿಯು ನಂಜನಗೂಡಿನ ಕಡೆಯ ಬಿಳಿಗೆರೆಯ ಪಂಡಿತವರ್ಗಕ್ಕೆ, ಎಂದರೆ ಬೆಳಗಿನ ಬಸ್ಸು ಹೋದ ಮೇಲೂ ಅರಳಿಕಟ್ಟೆಯಿಂದ ಏಳದ ಹಿರಿಯರಿಗೆ, ಸಮ್ಮತವಲ್ಲ; ಅವರ ಮತದಲ್ಲಿ ಹೋಬಳಿಯೇ, ಅಂದರೆ ಒಂದು ನಾಡಕಚೇರಿಗೆ ಒಳಪಟ್ಟ ಊರುಗಳ ಸಮೂಹವೇ, ಭೂಮಂಡಲದ ಮೂಲಮಾನ. ಈ ಮಾನದಿಂದ ಅಳೆದರೆ, ಸ್ವಿಟ್ಜರ್‌ಲೆಂಡಿಗೂ ಆಸ್ಟ್ರಿಯಾಕ್ಕೂ ನಡುವೆ ಇರುವ 160 ಚದರ ಕಿಲೋಮೀಟರಿನ ಲಿಕ್ಟೆನ್‌ಸ್ಟೈನ್ ಒಂದು ಹೋಬಳಿಯ ಆಸುಪಾಸಿನದು. ಅದಕ್ಕೆ ವಂಶಪಾರಂಪರ್ಯದ ದೊರೆ, 25 ಮಂದಿಯ ಸಂಸತ್ತು, ಪಂಚಾಯಿತಿಗಳನ್ನು ಹೋಲುವ 11 ಪೌರ ಘಟಕಗಳು ಇವೆ. ವಿಮಾನ ನಿಲ್ದಾಣವಿಲ್ಲ, 1868ರಿಂದೀಚೆಗೆ ಸೈನ್ಯವೂ ಇಲ್ಲ. ಅಲ್ಲಿನ ಸುಮಾರು 40,000 ನಿವಾಸಿಗಳನ್ನು ಸುತ್ತೂರು ಜಾತ್ರೆಗೆ ಕರೆತಂದರೆ ದಾಸೋಹದ ಅಡುಗೆಯವರು ಹೆಚ್ಚುವರಿ ಒಲೆ ಹೂಡಲಾರರು.

ಇಲ್ಲಿಂದ ಹೋಗುವ ಚಾಲಕನಿಗೆ ಷೆಂಗೆನ್ ವೀಸಾ, ಊರಿನ ಲೈಸೆನ್ಸು ಇವು ಕೈಯಲ್ಲಿರಬೇಕೆಂಬುದು ವಿಧಿ; ಆರ್‌ಟಿಓ ಕೊಡುವ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿಯೂ ಇದ್ದರೆ ಒಳಿತು. ರಸ್ತೆಯ ಬಲಬದಿಯಲ್ಲೇ ಓಡಿಸಬೇಕೆಂಬ ನಿಯಮವು ಎಡಬದಿಗೆ ಒಗ್ಗಿದವನಿಗೆ ತೊಡಕಾಗದೇ ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವ ಸಲುವಾಗಿಯೇ ಎತ್ತಿಕೊಳ್ಳುವ ಆಕ್ಷೇಪ; ನಂಜನಗೂಡು–ತಿ. ನರಸೀಪುರ ಸೀಮೆಯ ಚಾಲಕನು ಗುಂಡಿಗಳ ಇಚ್ಛಾನುಸಾರ ಎರಡೂ ಬದಿಗಳನ್ನು ಬಳಸಿ ಪಳಗಿದವನಾದ್ದರಿಂದ ಅವನಿಗೆ ಬಲಬದಿ ಹೊಸದಲ್ಲ, ಎಡಬದಿಯ ಹಕ್ಕು ತಪ್ಪಿತೆಂಬ ಕೊರಗು ಮಾತ್ರ ಎಂಬುದು ಸಿದ್ಧಾಂತ. ವಿಮಾನವಿಳಿದ ಜ್ಯೂರಿಕ್‌ನಲ್ಲಿ ಬಾಡಿಗೆಗೆ ಪಡೆದ ಕಾರಿನ ಚಕ್ರದಡಿ ನಿಂಬೆಹಣ್ಣು ಇಡಬಹುದೇ ಎಂಬ ಬಗ್ಗೆ ವಿಮಾ ಪತ್ರ ಮೌನವಾಗಿದೆ.

ಗಡಿಯ ವಿಚಾರವು ಇನ್ನಷ್ಟು ಗಹನ. 1923ರ ಸುಂಕದ ಒಪ್ಪಂದದ ಫಲವಾಗಿ ಸ್ವಿಟ್ಜರ್‌ಲೆಂಡಿನ ಕಡೆಯಿಂದ ರೈನ್ ನದಿಯ ಸೇತುವೆ ದಾಟಿದವನನ್ನು ಯಾರೂ ತಡೆಯುವುದಿಲ್ಲ; 2007ರ ಮಾರ್ಚಿನಲ್ಲಿ ಸುಮಾರು 170 ಸ್ವಿಸ್ ಸೈನಿಕರು ರಾತ್ರಿ ದಾರಿ ತಪ್ಪಿ ಒಳಹೊಕ್ಕು ಹಿಂತಿರುಗಿದಾಗಲೂ, ಅವರಾಗಿ ಹೇಳುವ ತನಕ ಆ ದೇಶಕ್ಕೆ ವಿಷಯವೇ ತಿಳಿಯಲಿಲ್ಲ. ಬಿಳಿಗೆರೆಯಲ್ಲಾದರೆ ಒಬ್ಬ ಬಳೆಗಾರನೂ ಹೀಗೆ ನುಸುಳಲಾರನು, ಏಕೆಂದರೆ ಟೀ ಅಂಗಡಿಯ ಬೆಂಚಿನಿಂದ "ಯಾವೂರಾಯ್ತು? ಯಾರ ಮನೆಗೆ?" ಎಂಬ ದ್ವಿಪ್ರಶ್ನಾತ್ಮಕ ತಪಾಸಣೆ ಶುಲ್ಕವಿಲ್ಲದೆ ನಡೆಯುತ್ತದೆ. ರಾಜಧಾನಿ ವಾಡೂಟ್ಸ್‌ನಲ್ಲಿ ಮಾತ್ರ, ಬಂದದ್ದಕ್ಕೆ ಗುರುತಿರಲೆಂದು, ಪ್ರವಾಸಿ ಕಚೇರಿಯವರು ದುಡ್ಡು ಪಡೆದು ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಾರೆ.

ರಸ್ತೆಯ ಸದುಪಯೋಗದಲ್ಲಿ ಆ ದೇಶ ಹಿಂದುಳಿದಿದೆ ಎನ್ನದೆ ವಿಧಿಯಿಲ್ಲ. ಸುಗ್ಗಿಯಲ್ಲಿ ಈ ಸೀಮೆಯ ಡಾಂಬರಿನ ಮೇಲೆ ಹುರುಳಿ ಗಿಡವನ್ನು ಮೊಣಕಾಲೆತ್ತರ ಹರಡಿ, ಎರಡು ತುದಿಗೂ ಕಲ್ಲಿಟ್ಟು, ಬಸ್ಸು ಲಾರಿಗಳು ತುಳಿದ ಮೇಲೆ ಹೊಟ್ಟನ್ನು ಮೊರದಲ್ಲಿ ತೂರುವ ಹೆಂಗಸರು ಕಾರು ಬಂದಾಗ ಪಕ್ಕಕ್ಕೆ ಸರಿಯುವ ಬದಲು "ನಿಧಾನವಾಗ್ ಹೋಗಪ್ಪ, ಚೆನ್ನಾಗ್ ತುಳೀಲಿ" ಎನ್ನುತ್ತಾರೆ. ಕಾರಿನ ತಳಕ್ಕೆ ಬಳ್ಳಿ ಸುತ್ತಿಕೊಂಡರೆ ಬಿಡಿಸುವುದು ಕಾರಿನವನ ಪಾಲಿನ ಕೆಲಸ. ಊರೊಳಗೆ 50, ಹೊರಗೆ 80 ಕಿಲೋಮೀಟರು ವೇಗಕ್ಕೆ ಅಪ್ಪಣೆಯಿರುವ ಲಿಕ್ಟೆನ್‌ಸ್ಟೈನಿನ ನುಣುಪು ರಸ್ತೆಗಳಲ್ಲಿ ವರ್ಷಕ್ಕೆ ಒಂದು ಸೇರು ಹುರುಳಿಯೂ ಉದುರುವುದಿಲ್ಲ. ಸೇತುವೆಗಳ ಕಥೆಯೂ ಇಷ್ಟೇ: ನಂಜನಗೂಡಿನಲ್ಲಿ ಕಪಿಲೆಯ ಮೇಲೆ 18ನೇ ಶತಮಾನದಲ್ಲಿ ದಳವಾಯಿಗಳು ಕಟ್ಟಿಸಿದ ಕಲ್ಲಿನ ಸೇತುವೆ ಮುಂದೆ ರೈಲನ್ನೂ ಗಾಡಿಗಳನ್ನೂ ಒಟ್ಟಿಗೆ ಹೊತ್ತರೆ, ವಾಡೂಟ್ಸ್ ಬಳಿಯ 1901ರ ಮರದ ಸೇತುವೆಗೆ ಕಾರು ಕೂಡ ಭಾರ.

ದಕ್ಷಿಣದ ಬಾಲ್ಜರ್ಸ್‌ನಿಂದ ಉತ್ತರದ ರುಗ್ಗೆಲ್‌ವರೆಗಿನ ದಾರಿ ಮೈಸೂರಿನಿಂದ ನಂಜನಗೂಡಿಗೆ ಹೋದಷ್ಟೇ ಆದ್ದರಿಂದ, ಒಗ್ಗರಣೆ ಅವಲಕ್ಕಿಯ ಡಬ್ಬಿ ತೆರೆಯುವುದರೊಳಗೆ ದೇಶ ಮುಗಿದು, ಮಾತಿನ ಭರದಲ್ಲಿ ತಿರುವು ಬಿಟ್ಟವನು ಆಸ್ಟ್ರಿಯಾದ ಫೆಲ್ಡ್‌ಕಿರ್ಖ್ ಸೇರಿರುತ್ತಾನೆ. ಆಗ ಸ್ವಿಸ್ ಹೆದ್ದಾರಿಗೆಂದು 40 ಫ್ರಾಂಕ್ ಕೊಟ್ಟು ಗಾಜಿಗೆ ಅಂಟಿಸಿದ ಚೀಟಿ ಆಸ್ಟ್ರಿಯಾದ ಹೆದ್ದಾರಿಗೆ ನಡೆಯದು, ಅಲ್ಲಿಗೆ ಬೇರೆ ಚೀಟಿ ಬೇಕು. ಹೆದ್ದಾರಿಯೇ ಇಲ್ಲದ ಲಿಕ್ಟೆನ್‌ಸ್ಟೈನಿಗೆ ಎರಡೂ ಬೇಡವಾದ್ದರಿಂದ, ಮಿತವ್ಯಯಿಯಾದ ಸಂಚಾರಿಯು ಕಾರು ತಿರುಗಿಸಿ ಅದೇ ದೇಶವನ್ನು ಇನ್ನೊಮ್ಮೆ ನೋಡತಕ್ಕದ್ದು.