ಬಾಯಿ ಎಂಬ ಚೆಕ್‌ಪೋಸ್ಟು

ನಮ್ಮ ಕಡೆ ಯಾರಾದರೂ ಕೋಳಿ ಬಿಟ್ಟರೆಂದರೆ ಜನ ಮೊದಲು ಕೇಳುವುದು, "ಯಾವ ದೇವರ ಹರಕೆ?" ಆಮೇಲೆ ಕೇಳುವುದು, "ಯಾವ ಡಾಕ್ಟ್ರು ಹೇಳಿದ್ದು?" ದೇವರೂ ಹೇಳದೆ ಡಾಕ್ಟರೂ ಹೇಳದೆ ಸುಮ್ಮನೆ ಮನಸ್ಸಿಗೆ ಬಂತೆಂದು ಬಿಟ್ಟವರನ್ನು ಬಿಸಿಲೆ, ಹೆತ್ತೂರು, ವನಗೂರಿನ ಸುತ್ತಿನವರು ಅಷ್ಟಾಗಿ ಕಂಡವರಲ್ಲ. ಕಡುಬು ಬೆಂದರೆ ಪಕ್ಕದ ಒಲೆಯಲ್ಲಿ ಕೋಳಿ ಸಾರು ಕುದಿಯಲೇಬೇಕೆಂಬುದು ಇಲ್ಲಿಯ ಅಲಿಖಿತ ಕಾನೂನು. ಅಂಥ ಊರಿಗೆ ನನ್ನ ಮಗ ಸೊಸೆ ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನೊಳಗೆ ಮಡಚಿಟ್ಟುಕೊಂಡು, ತೋಟದಲ್ಲೇ ಇರುತ್ತೇವೆಂದು ಬಂದರು. ಜೊತೆಯಲ್ಲಿ ಎರಡು ಮಕ್ಕಳು. ಆ ಮಕ್ಕಳು ಬಿಟ್ಟದ್ದು ಬರೀ ಕೋಳಿಯನ್ನಲ್ಲ. ಹಾಲು, ಮೊಸರು, ಮಜ್ಜಿಗೆ, ತುಪ್ಪ, ಕೊನೆಗೆ ಜೇನುತುಪ್ಪ ಕೂಡ.

"ಹಾಲೂ ಇಲ್ವಾ ಅಕ್ಕ?" ಪಕ್ಕದ ತೋಟದವಳು ದನಿ ತಗ್ಗಿಸಿ ಕೇಳಿದಳು.

"ಇಲ್ಲ ಕಣೆ."

"ಮಕ್ಕಳು ಬಡವಾಗ್ತವೆ ನೋಡ್ತಿರಿ."

ಮರುದಿನದಿಂದ ಅವಳು ಬಂದಾಗಲೆಲ್ಲ ಹುಡುಗನ ತೋಳು ಮುಟ್ಟಿ ನೋಡುವುದು ಶುರುವಾಯಿತು. ಅವನು ಬಂದ ದಿನವೂ ಸಣ್ಣಗೇ ಇದ್ದ ಎಂದು ಎಷ್ಟು ಹೇಳಿದರೂ ಕೇಳಲೊಲ್ಲಳು.

'ವೀಗನ್' ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತವರ ಜೊತೆಗಾರರು ಸೇರಿ ಕಟ್ಟಿದ ಸಂಘದ ಹೆಸರು ಅದು ಎಂದು ಸೊಸೆ ವಿವರಿಸಿದಾಗ ನಮ್ಮ ಯಜಮಾನರು, "ಯುದ್ಧದ ಕಾಲ. ಬೆಣ್ಣೆ, ಮೊಟ್ಟೆ ಎಲ್ಲ ರೇಷನ್ನು. ಸಿಗದೇ ಇದ್ದಿದ್ದನ್ನ ಬಿಡೋದು ಏನು ಮಹಾ?" ಎಂದು ಪೇಪರಿನ ಮರೆಯಿಂದ ಟೀಕಿಸಿದರು. ಆ ಸಂಘಕ್ಕೆ ಐವತ್ತು ತುಂಬಿದ 1994ರಿಂದ ನವೆಂಬರ್ 1ನ್ನು ವಿಶ್ವ ವೀಗನ್ ದಿನವೆಂದು ಆಚರಿಸುತ್ತಾರಂತೆ. ನಮ್ಮ ರಾಜ್ಯೋತ್ಸವದ ದಿನವೇ! ಇದು ಗೊತ್ತಾದ ಮೊಮ್ಮಗಳು ಶಾಲೆಯಲ್ಲಿ ಹಳದಿ ಕೆಂಪು ಬಾವುಟ ಹಿಡಿದು ನಾಡಗೀತೆ ಹಾಡಿ, ಕೊನೆಗೆ ಹಂಚಿದ ಲಾಡನ್ನು "ತುಪ್ಪ ಇದೆ ಮಿಸ್, ಇವತ್ತು ನಮ್ಮ ಹಬ್ಬಾನೂ ಇದೆ" ಎಂದು ವಾಪಸು ಕೊಟ್ಟು ಬಂದಳು. ಕನ್ನಡಮ್ಮನಿಗೆ ಬೇಸರವಾಗಿರಲಾರದು. ಲಾಡು ಪಕ್ಕದ ಹುಡುಗನಿಗೆ ಸಿಕ್ಕಿತು.

ಇಷ್ಟೇ ಆಗಿದ್ದರೆ ನಾನು ನಿಭಾಯಿಸುತ್ತಿದ್ದೆ. ಹಾಲು ತುಪ್ಪ ಇಲ್ಲದ ಅಡುಗೆ ಮಲೆನಾಡಿಗೇನು ಹೊಸದಲ್ಲ. ಜಡಿಮಳೆಯಲ್ಲಿ ದನ ಮೇಯದೆ ಹಾಲು ಇಂಗಿಹೋದ ತಿಂಗಳುಗಳಲ್ಲಿ ನಮ್ಮತ್ತೆ ಏಳೆಂಟು ಮಕ್ಕಳನ್ನು ಬೆಲ್ಲದ ಕಾಪಿ, ಹುರುಳಿ ಸಾರು, ಹಲಸಿನ ಬೀಜದಲ್ಲೇ ದಾಟಿಸಿದವರು. ಅದಕ್ಕೆ ಇಂಗ್ಲಿಷಿನ ಹೆಸರಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಕಷ್ಟ ಬೇರೆ. ವೀಗನ್ ಮಕ್ಕಳನ್ನು ಸಾಕಬಹುದು. ತಟ್ಟೆಯಲ್ಲಿ ಆರಿಸಿ ಆರಿಸಿ ತಿನ್ನುವ ಮಕ್ಕಳನ್ನೂ ಸಾಕಬಹುದು. ಎರಡೂ ಗುಣ ಒಂದೇ ಮಗುವಿನಲ್ಲಿ ಕೂಡಿದರೆ ಮಾತ್ರ ಅಡುಗೆಮನೆಯಲ್ಲಿ ನಿಂತವಳ ಗತಿ ದೇವರಿಗೇ ಪ್ರೀತಿ.

ಚಿಕ್ಕವನ ಪಟ್ಟಿಯಲ್ಲಿದ್ದದ್ದು ಬಿಳಿ ಅನ್ನ, ಬಿಳಿ ರೊಟ್ಟಿ, ಹುರಿದ ಆಲೂಗಡ್ಡೆ, ಬಾಳೆಹಣ್ಣು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಇದ್ದರೆ ಅದೂ ಇಲ್ಲ. ಉಪ್ಪಿಟ್ಟು ಹಾಕಿಕೊಟ್ಟರೆ ಅವನು ತಿನ್ನಲು ಕೂರುತ್ತಿರಲಿಲ್ಲ, ವಿಂಗಡಿಸಲು ಕೂರುತ್ತಿದ್ದ. ಸಾಸಿವೆ ಒಂದು ಕಡೆ, ಈರುಳ್ಳಿ ಒಂದು ಕಡೆ, ಕರಿಬೇವು ತಟ್ಟೆಯ ಅಂಚಿಗೆ ಸಾಲಾಗಿ. ಕಾಫಿ ಬೀಜ ಗ್ರೇಡ್ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲೂ ಅಷ್ಟು ಶಿಸ್ತು ಕಾಣುವುದು ಕಷ್ಟ. ಅಷ್ಟೆಲ್ಲ ಆದ ಮೇಲೆ ತಿನ್ನಲು ಉಳಿದ ರವೆ ತಣ್ಣಗಾಗಿದೆ ಎಂಬ ತಕರಾರು.

ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋದವರಿಗೆ ಅಲ್ಲಿಯ ಅರಣ್ಯ ಇಲಾಖೆಯ ಗೇಟು ಗೊತ್ತಿರುತ್ತದೆ. ವಾಹನ ನಿಲ್ಲಿಸಬೇಕು, ಒಳಗೇನಿದೆ ಎಂದು ಕೇಳಿದರೆ ಹೇಳಬೇಕು, ಡಿಕ್ಕಿ ತೆಗೆ ಎಂದರೆ ತೆಗೆಯಬೇಕು. ನಮ್ಮ ಮನೆಯ ಗೇಟು ಈ ಹುಡುಗನ ಬಾಯಿ. ಅಲ್ಲಿಯ ಅಧಿಕಾರಿಗೆ ಊಟ ತಿಂಡಿಯ ಬಿಡುವೂ ಇಲ್ಲ, ಲಂಚವೂ ನಡೆಯುವುದಿಲ್ಲ. ಹಸಿರು ಬಣ್ಣದ ಸರಕು ಕಂಡರೆ ಗಾಡಿ ಸಮೇತ ಜಪ್ತಿ.

ಸೊಸೆ ಫ್ರಿಜ್ಜಿನ ಬಾಗಿಲಿಗೆ ಒಂದು ಕೋಷ್ಟಕ ಅಂಟಿಸಿದ್ದಳು. ಪ್ರೋಟೀನು, ಕ್ಯಾಲ್ಸಿಯಂ, ಕಬ್ಬಿಣ, ಸತು, ಬಿ12. ಇವಿಷ್ಟನ್ನೂ ಆ ಗೇಟು ದಾಟಿಸಬೇಕು. ನಾನು ಮೊದಲು ಹಿಡಿದದ್ದು ಕಳ್ಳಸಾಗಣೆಯ ದಾರಿ. ಹಿತ್ತಿಲಿನಲ್ಲಿ ಚಕ್ರಮುನಿ ಸೊಪ್ಪಿನ ಬೇಲಿಯೇ ಇದೆ. ಅದನ್ನು ನುಣ್ಣಗೆ ಅರೆದು ರೊಟ್ಟಿಯೊಳಗೆ ಸೇರಿಸಿಬಿಡೋಣ ಅಂತ. ಆದರೆ ನಮ್ಮ ರೊಟ್ಟಿ ಬಯಲುಸೀಮೆಯ ತಾಲಿಪಟ್ಟಲ್ಲ. ಅಕ್ಕಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿ, ಬಿಸಿ ಇರುವಾಗಲೇ ನಾದಿ, ಒತ್ತಿ, ಕಾವಲಿಯಲ್ಲಿ ಮಗುಚಿ, ಕೆಂಡದ ಮೇಲೆ ಉಬ್ಬಿಸುವ ರೊಟ್ಟಿ. ಹೊಸ ಪಂಚೆಯಷ್ಟು ಬಿಳಿ ಇರಬೇಕು ಅದು. ಒಂದೆಲೆ ಸೊಪ್ಪು ಬಿದ್ದರೂ ಎದ್ದು ಕಾಣುತ್ತದೆ. ಹುಡುಗ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಬ್ಯಾಂಕಿನವರು ಐನೂರರ ನೋಟು ನೋಡುವ ಭಂಗಿ. "ಅಜ್ಜಿ, ಇದರಲ್ಲಿ ಗಿಡ ಇದೆ" ಎಂದು ತೀರ್ಪಿತ್ತ.

"ಮತ್ತೆ ನೀನು ವೀಗನ್ ಅಲ್ವೇನೋ? ಗಿಡ ತಿನ್ನದೆ ಇನ್ನೇನು ತಿಂತೀಯ?"

"ವೀಗನ್ ಅಂದ್ರೆ ಪ್ರಾಣಿ ತಿನ್ನಬಾರದು ಅಂತ. ಗಿಡ ತಿನ್ಲೇಬೇಕು ಅಂತ ಅಲ್ಲ."

ಇವನನ್ನು ಲಾಯರಿಕೆ ಓದಿಸಬೇಕು ಎಂದು ಯಜಮಾನರು ಅಲ್ಲೇ ನಿಶ್ಚಯಿಸಿದರು.

ಅವರ ಸಂತೋಷ ಬಹಳ ಬಾಳಲಿಲ್ಲ. ಅವರದು ಜೇನಿನ ಹುಚ್ಚು. ಕಾಫಿ ಗಿಡಗಳ ನಡುವೆ ಜೇನುಪೆಟ್ಟಿಗೆ ಇಟ್ಟಿದ್ದಾರೆ. ಕೆಮ್ಮಿಗೆ ಕಾಳುಮೆಣಸಿನ ಪುಡಿ ಜೇನುತುಪ್ಪ, ಸುಟ್ಟ ಗಾಯಕ್ಕೆ ಜೇನುತುಪ್ಪ, ನೆಂಟರಿಗೆ ಹೊರಡುವಾಗ ಒಂದು ಬಾಟಲಿ ಜೇನುತುಪ್ಪ. ಮೊಮ್ಮಗಳು ಕೇಳಿದಳು, "ತಾತ, ಅವು ಕಷ್ಟಪಟ್ಟು ಕೂಡಿಟ್ಟಿದ್ದು. ನೀನು ಕೇಳಿ ತಗೊಂಡ್ಯಾ?" ಇವರು ಬಿಡಲಿಲ್ಲ. ಪೆಟ್ಟಿಗೆ ನಂದು, ತೋಟ ನಂದು, ನಾನು ತಗೊಳೋದು ಬಾಡಿಗೆ ಅಂದರು. ಅವಳು ಯೋಚಿಸಿ ಮಾರನೆಯ ದಿನ ಉತ್ತರ ತಂದಳು. ರೊಬಸ್ಟಾ ಹೂವು ಕಾಯಿ ಕಚ್ಚಬೇಕಾದರೆ ಬೇರೆ ಗಿಡದ ಪರಾಗ ಬರಬೇಕು, ಆ ಕೆಲಸಕ್ಕೆ ಜೇನು ಬೇಕು ಎಂದು ಹಿಂದಿನ ವಾರ ಅವಳಿಗೆ ಹೇಳಿಕೊಟ್ಟವರು ಇವರೇ. "ಅವು ನಿಂಗೆ ಕಾಫೀನೂ ಮಾಡಿಕೊಡ್ತವೆ, ಬಾಡಿಗೇನೂ ಕೊಡ್ತವೆ. ಸಂಬಳ ಯಾವಾಗ ತಾತ?" ಯಜಮಾನರು ಪೇಪರಿನೊಳಗೆ ಮುಳುಗಿದರು. ಈಗ ಕೆಮ್ಮಿಗೆ ಮೆಣಸಿನ ಪುಡಿಯನ್ನು ಬೆಲ್ಲದ ಪಾಕದಲ್ಲಿ ಕೊಡುತ್ತೇನೆ. ಕೆಮ್ಮು ಯಾವುದಕ್ಕೂ ಜಗ್ಗದೆ ತನಗೆ ತೋಚಿದಾಗ ಹೋಗುತ್ತದೆ.

ಕ್ಯಾಲ್ಸಿಯಂ ಸಮಸ್ಯೆಗೆ ಉತ್ತರ ಬಯಲಿನಿಂದ ಬಂತು. ನಮ್ಮದು ಅಕ್ಕಿಯ ಸೀಮೆ. ರಾಗಿ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ನೆಂಟರ ಮನೆಯಿಂದ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಬರಿಸಿದರೆ ಒಳ್ಳೆಯದು ಎಂಬ ಅಡಿಟಿಪ್ಪಣಿ ಸೊಸೆಯದು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿ ರಾಗಿಗಳ ಜಗಳ ಬಗೆಹರಿಸಲು ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಕಾದ. ನಮ್ಮ ಚಿಕ್ಕವನಿಗೆ ಅಷ್ಟು ತಾಳ್ಮೆಯಿಲ್ಲ. ಮುದ್ದೆಯ ಬಣ್ಣ ನೋಡಿದೊಡನೆ ಅಕ್ಕಿಗೆ ಜಯಪತ್ರ ಬರೆದುಕೊಟ್ಟ. ನಾನು ಮರುಮಾತಾಡದೆ ರಾಗಿಯನ್ನು ನೆನೆಸಿ, ಆರಿಸಿ, ಬಾಣಲೆಯಲ್ಲಿ ಅರಳಿಸಲು ಕೂತೆ. ಚಟಪಟ ಸದ್ದಿಗೆ ಬಂದು ನಿಂತ. "ಪಾಪ್‌ಕಾರ್ನಾ?" "ಅದರ ಮರಿ" ಎಂದೆ. ಅವನ ಕೈಗೇ ಸೌಟು ಕೊಟ್ಟೆ. ಬೀಸಿದ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಕಲೆಸಿದ್ದೂ ಅವನೇ. ಉಂಡೆಗೆ ಸಿಕ್ಕಿದ್ದು ಅರ್ಧ. ಉಳಿದರ್ಧ ಮೀಸೆಗೆ ಹತ್ತಿತ್ತು.

ಅಲ್ಲಿಂದ ನನ್ನ ನೀತಿ ಬದಲಾಯಿತು. ಗೇಟಿನಲ್ಲಿ ಬಚ್ಚಿಟ್ಟು ಸಾಗಿಸುವುದಕ್ಕಿಂತ ಅಧಿಕಾರಿಯನ್ನೇ ಲೋಡಿಂಗಿಗೆ ಹಚ್ಚುವುದು ಲೇಸು. ಶ್ಯಾವಿಗೆ ಒರಳಿನ ಹಿಡಿಗೆ ಇಬ್ಬರೂ ಜೋತುಬಿದ್ದರೆ ಒತ್ತು ಶ್ಯಾವಿಗೆ ಇಳಿಯುತ್ತದೆ. ತಾವೇ ಒತ್ತಿದ್ದು ಎಂಬ ಜಂಬಕ್ಕೆ ಕಾಯಿಹಾಲಿನೊಡನೆ ಎಳ್ಳು ಪುಡಿಯೂ ತಂಟೆಯಿಲ್ಲದೆ ಒಳಗೆ ಹೋಗುತ್ತದೆ. ಕೆಸುವಿನೆಲೆಗೆ ಹಿಟ್ಟು ಸವರಿ ಸುತ್ತುವ ಕೆಲಸ ಕೊಟ್ಟರೆ ಪತ್ರೊಡೆ 'ರೋಲ್' ಎಂಬ ಹೆಸರಿನಲ್ಲಿ ಪಾಸಾಗುತ್ತದೆ. ಹುಣಸೆಹುಳಿ ಮಾತ್ರ ಧಾರಾಳವಾಗಿ ಬೀಳಬೇಕು. ಗಂಟಲು ಒಮ್ಮೆ ತುರಿಸಿತೋ, ಆ ವರ್ಷಕ್ಕೆ ಕೆಸು ಗಡಿಪಾರು. ಹುರುಳಿಯ ವಿಷಯದಲ್ಲಿ "ಅದು ಕುದುರೆ ತಿನ್ನೋದು" ಎಂದು ಮೊಮ್ಮಗಳು ಮೂಗು ಮುರಿದಳು. "ಅದಕ್ಕೇ ಅದು ಓಡೋದು" ಎಂದೆ. ಶಾಲೆಯ ಓಟದ ಪಂದ್ಯ ಹತ್ತಿರವಿದ್ದದ್ದರಿಂದ ಹುರುಳಿ ಕಟ್ಟಿನ ಸಾರು ಗೆದ್ದಿತು. ಮೇಲೆ ನಿಂಬೆಹಣ್ಣು ಹಿಂಡಬೇಕು, ಹುಳಿಯಿದ್ದರೆ ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯುತ್ತದೆ ಎಂದು ಸೊಸೆ ಹೇಳಿದ್ದು ಒಪ್ಪಿದೆ. ಊಟದ ಜೊತೆ ಕಾಫಿ ಕುಡಿದರೆ ಆ ಕಬ್ಬಿಣ ಹಿಡಿಯುವುದಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳಿದ್ದು ಮಾತ್ರ ಕಾಫಿ ಬೆಳೆಗಾರರ ಮನೆಯಲ್ಲಿ ಆಡುವ ಮಾತಾಗಿರಲಿಲ್ಲ.

ಮಕ್ಕಳ ವಾದಕ್ಕೆ ಕಾಡೂ ಸಾಕ್ಷಿ ಹೇಳುತ್ತದೆ. ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆ ತೋಟಕ್ಕೆ ನುಗ್ಗದ ವರ್ಷವಿಲ್ಲ. ಒಂದು ರಾತ್ರಿ ನಮ್ಮ ಬಾಳೆ, ಹಲಸು ಎರಡನ್ನೂ ಮುಗಿಸಿ ಹೋಯಿತು. ಬೆಳಿಗ್ಗೆ ಯಜಮಾನರು ತಲೆಮೇಲೆ ಕೈಹೊತ್ತು ನಿಂತಿದ್ದರೆ ಮೊಮ್ಮಗಳು, "ನೋಡು ಅಜ್ಜಿ, ಆನೆ ವೀಗನ್. ಎಷ್ಟು ಶಕ್ತಿ!" ಎಂದಳು. ದೊಡ್ಡ ಆನೆ ದಿನಕ್ಕೆ ಸುಮಾರು 150 ಕಿಲೋ ಮೇಯುತ್ತದೆ, ತಟ್ಟೆಯ ಅಂಚಿಗೆ ಕರಿಬೇವು ಎತ್ತಿಡುವುದಿಲ್ಲ ಎಂದು ನಾನೂ ಸಮಯ ಸಾಧಿಸಿದೆ. ಬಿಸಿಲೆ ಕಾಡಿನ ಸಿಂಗಳೀಕವನ್ನೂ ಅವಳು ತನ್ನ ಪಕ್ಷಕ್ಕೆ ಸೇರಿಸಿಕೊಂಡಿದ್ದಳು. ಅದು ಹಣ್ಣಿನ ಜೊತೆ ಹುಳುಹುಪ್ಪಟೆಯನ್ನೂ ತಿನ್ನುತ್ತದೆ ಎಂದು ಗೊತ್ತಾದ ದಿನ ಉಚ್ಚಾಟನೆಯಾಯಿತು.

ಒಂದು ವಿಷಯದಲ್ಲಿ ಮಾತ್ರ ಬೆಟ್ಟ, ಹಿತ್ತಿಲು, ನನ್ನ ಒಲೆ ಯಾವುದೂ ಸಾಲದು. ಬಿ12. ಅದನ್ನು ತಯಾರಿಸುವುದು ಸೂಕ್ಷ್ಮಾಣುಗಳು. ದನದ ಹೊಟ್ಟೆಯಲ್ಲಿ ಅವು ಇವೆ, ಹಾಲಿನಲ್ಲಿ ಬರುತ್ತದೆ. ಸೊಪ್ಪು ಕಾಳುಗಳಲ್ಲಿ ನೆಚ್ಚುವಂತೆ ಸಿಗುವುದಿಲ್ಲ. ಅದು ಕಡಿಮೆಯಾದರೆ ರಕ್ತಕ್ಕೂ ನರಕ್ಕೂ ಕೇಡು, ಬೆಳೆಯುವ ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ಇದರಲ್ಲಿ ಸೊಸೆ ಪಕ್ಕಾ. ಹಾಸನದ ಮಕ್ಕಳ ಡಾಕ್ಟರರು ಬರೆದುಕೊಟ್ಟದ್ದನ್ನು ತಪ್ಪಿಸುವುದಿಲ್ಲ. "ಸೊಪ್ಪು ತಿಂದ್ರೆ ಎಲ್ಲಾ ಬರುತ್ತೆ, ಮಾತ್ರೆ ಯಾಕೆ?" ಎಂದು ಪಕ್ಕದ ತೋಟದವಳು ಇದ್ದಕ್ಕಿದ್ದಂತೆ ಸೊಪ್ಪಿನ ಪರ ನಿಂತಾಗ ನಾನೇ ಗದರಿಸಿದೆ. ಜೂನ್ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರಾದ್ದರಿಂದ ಡಿ ಹನಿಯನ್ನೂ ಡಾಕ್ಟರು ಸೇರಿಸಿದ್ದಾರೆ.

ಹೆಚ್ಚು ಉರಿಸಿದ್ದು ಶಾಲೆಯ ಬಿಸಿಯೂಟ. ಊರಿನ ಸರ್ಕಾರಿ ಶಾಲೆ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ, ನಮ್ಮ ಮಕ್ಕಳದನ್ನು ಬೇರೆಯವರು ಕುಡಿಯುತ್ತಾರೆ. ಮೊಟ್ಟೆ ಬೇಡವೆಂದರೆ ಬಾಳೆಹಣ್ಣು. ಅದೆಲ್ಲ ಸರಿ. ಆದರೆ ಮನೆಯಲ್ಲಿ ಈರುಳ್ಳಿಯ ಚೂರನ್ನು ದೂರವಿಡುವ ಚಿಕ್ಕವನು ಅಲ್ಲಿ ಬೇಳೆ, ನುಗ್ಗೆಕಾಯಿ, ಕುಂಬಳಕಾಯಿ ಬೆರೆತ ಸಾಂಬಾರನ್ನು ಎರಡು ಸಲ ಹಾಕಿಸಿಕೊಳ್ಳುತ್ತಾನೆಂದು ಸುದ್ದಿ ಬಂತು. ಅಡುಗೆಯವಳನ್ನು ತಡೆದು, "ಏನು ಹಾಕ್ತೀಯೆ ಅದಕ್ಕೆ?" ಎಂದು ಕೇಳಿದೆ.

"ಏನೂ ಇಲ್ಲ ಕಣಮ್ಮ. ಬಡಿಸ್ಕಂಡು ಆ ಕಡೆ ಹೋಗ್ತೀನಿ. ನಿಮ್ಮಂಗೆ ಬಾಯಿ ನೋಡ್ಕಂಡು ನಿಂತ್ಕಳಲ್ಲ."

ಅಂದಿನಿಂದ ನಾನೂ ಬಡಿಸಿ ಒಲೆಯ ಕಡೆ ತಿರುಗುತ್ತೇನೆ. ಬೆನ್ನ ಹಿಂದೆ ಕರಿಬೇವು ಈಗಲೂ ಅಂಚಿಗೇ ಹೋಗುತ್ತದೆ, ಹುರುಳಿ ಒಳಗೆ ಹೋಗುತ್ತದೆ.

ಕೊಡಗು ನಮಗೆ ದೂರವಲ್ಲ. ಅಲ್ಲಿಯವರು ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪು ಬೇಯಿಸಿದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಹದಿನೆಂಟು ಬಗೆಯ ಔಷಧಿ ಆ ದಿನ ಆ ಸೊಪ್ಪಿನಲ್ಲಿ ಸೇರಿರುತ್ತದೆಂದು ನಂಬಿಕೆ. ಸೋಮವಾರಪೇಟೆಯ ನಮ್ಮ ನೆಂಟರು ಒಂದು ಕಟ್ಟು ಕಳಿಸಿದ್ದರು. ಎಲೆ ಹಸಿರು, ಬೇಯಿಸಿದ ನೀರು ಮಾತ್ರ ಕಡು ನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕಿದೆ. ಸೊಪ್ಪೆಂದು ಬಾಯಿಬಿಡಲಿಲ್ಲ. ನೇರಳೆ ಬಣ್ಣಕ್ಕೆ ನಿಷೇಧವಿರಲಿಲ್ಲವಾಗಿ ಚಿಕ್ಕವನು ಬಟ್ಟಲು ನೆಕ್ಕಿದ. ಇದರ ನಿಜವಾದ ಪ್ರಭಾವ ಗೊತ್ತಾಗುವುದು ಆಮೇಲೆ, ಬಚ್ಚಲಲ್ಲಿ. "ಅಜ್ಜೀ! ಅಕ್ಕಾ! ತಾತಾ! ಎಲ್ಲಾ ಬಂದು ನೋಡಿ!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದ. ಉಚ್ಚೆ ಕೆಂಪಗಾಗಿತ್ತು. ಮದ್ದು ಮೈಗೆ ಹತ್ತಿದ್ದಕ್ಕೆ ಕೊಡಗಿನವರು ಹೇಳುವ ಗುರುತು ಅದೇ.

ಮರುದಿನ ಶಾಲೆ ಬಿಟ್ಟ ಮೇಲೆ ಅರ್ಧ ಡಜನ್ ಹುಡುಗರು ಅಂಗಳದಲ್ಲಿ ನಿಂತಿದ್ದರು. "ಅಜ್ಜಿ, ನಮಗೂ ಬಣ್ಣ ಬರೋ ಪಾಯಸ ಕೊಡಿ." ಸದ್ದಿಗೆ ಪಕ್ಕದ ತೋಟದವಳೂ ಬಂದಳು. ಒಂದು ಬಟ್ಟಲು ಕುಡಿದು, "ಹಾಲಿಲ್ದೇನೂ ಚೆನ್ನಾಗೇ ಐತಲ್ಲಕ್ಕ" ಎಂದು ಇನ್ನೊಂದು ಹಾಕಿಸಿಕೊಂಡಳು. ನಾನು ಒಲೆಯ ಕಡೆ ತಿರುಗಿದ್ದೇ ತಡ, ಮೊಮ್ಮಗಳ ದನಿ ಕೇಳಿತು.

"ಚಿಕ್ಕಜ್ಜಿ, ಸೆರಗಲ್ಲಿ ಏನದು ಡಬ್ಬಿ?"

"ಕುಂಕುಮ ಕಣವ್ವ."

"ತುಪ್ಪದ ವಾಸನೆ ಬರ್ತಿದೆ. ಮುಚ್ಚಳ ತೆಗೀರಿ."